ಅಂದು ಡಾಲರಿಗೆ ಎಷ್ಟು ರೂಪಾಯಿ? ಹಳೆಯ ದರ ಹುಡುಕುವ ಬಗೆ

ಆಗಸ್ಟ್ 15 ಬಂತೆಂದರೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ: 1947ರಲ್ಲಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ. ಕಳೆದ ಸಲ ನಮ್ಮ ಕೊಡಗಿನ ಗೋಣಿಕೊಪ್ಪದ ಮಾವ, "ಆಗ ಕಾಫಿ ಮಾರಿದವರು ಪುಣ್ಯವಂತರು ಮಾರಾಯ" ಎಂದರು. "ಮಾವ, ಡಾಲರಿಗೆ ಒಂದೇ ರೂಪಾಯಿ ಸಿಕ್ಕಿದರೆ ಹೊರಗೆ ಮಾರುವವನಿಗೆ ಲುಕ್ಸಾನಲ್ವಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ" ಎಂದರು.

ಆ ಸಂದೇಶ ಸುಳ್ಳು. ಅದನ್ನು ನೀವೇ ಪರೀಕ್ಷಿಸಬಹುದು, ಕಾಗದ ಪೆನ್ಸಿಲ್ ಸಾಕು. ಆಗ ರೂಪಾಯಿಯನ್ನು ಕಟ್ಟಿದ್ದು ಬ್ರಿಟಿಷ್ ಪೌಂಡಿಗೆ. 1927ರಿಂದ ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್. ಭಾಗಿಸಿದರೆ ಪೌಂಡಿಗೆ 13.33 ರೂಪಾಯಿ, ಹಳೆಯ ಎಸ್ಟೇಟ್ ಲೆಕ್ಕದ ಭಾಷೆಯಲ್ಲಿ 13 ರೂಪಾಯಿ 5 ಆಣೆ 4 ಪೈ. 1947ರಲ್ಲಿ ಪೌಂಡಿಗೆ 4.03 ಡಾಲರ್. 13.33ನ್ನು 4.03ರಿಂದ ಭಾಗಿಸಿ: ಡಾಲರಿಗೆ 3.31 ರೂಪಾಯಿ. 1949ರ ಸೆಪ್ಟೆಂಬರಿನಲ್ಲಿ ಪೌಂಡ್ 2.80 ಡಾಲರಿಗೆ ಇಳಿಯಿತು, ರೂಪಾಯಿಯೂ ಜತೆಗೇ ಇಳಿಯಿತು. ಅದೇ ಭಾಗಾಕಾರ ಮಾಡಿದರೆ 4.76 ಬರುತ್ತದೆ. ಈ ದರ 1966ರ ಜೂನ್ 6ರವರೆಗೆ ನಡೆಯಿತು. ಅಂದು ರೂಪಾಯಿಯನ್ನು ಅಪಮೌಲ್ಯ ಮಾಡಿ 7.50ಕ್ಕೆ ತಂದರು. ಹೀಗೆ ಎರಡು ಹಣದ ನಡುವಿನ ದರ ನೇರವಾಗಿ ಸಿಗದಾಗ ಮೂರನೆಯದರ ಮೂಲಕ ಹೋಗುವುದು ಹಳೆಯ ಕಾಲದ ಲೆಕ್ಕಕ್ಕೆ ಬಲು ಉಪಯೋಗದ ದಾರಿ.

ಹತ್ತಿರದ ವರ್ಷಗಳಿಗೆ ಇಷ್ಟು ಸುತ್ತಬೇಕಿಲ್ಲ. ಆದರೆ ದರ ಹುಡುಕುವ ಮೊದಲು ಅದು ಯಾವ ಕೆಲಸಕ್ಕೆ ಬೇಕೆಂದು ನಿರ್ಧರಿಸಿಕೊಳ್ಳಿ. ಒಂದೇ ದಿನಕ್ಕೆ ಹಲವು ದರಗಳಿರುತ್ತವೆ. ಬ್ಯಾಂಕ್ ನಿಮ್ಮಿಂದ ಡಾಲರ್ ಕೊಳ್ಳುವ ದರ ಬೇರೆ, ನಿಮಗೆ ಮಾರುವ ದರ ಬೇರೆ. ಆದಾಯ ತೆರಿಗೆ ಲೆಕ್ಕಕ್ಕೆ ಎಸ್‌ಬಿಐನ 'ಟಿಟಿ ಬೈಯಿಂಗ್ ರೇಟ್', ಅಂದರೆ ಹೊರದೇಶದಿಂದ ಖಾತೆಗೆ ಬಂದ ಡಾಲರನ್ನು ಬ್ಯಾಂಕ್ ಕೊಳ್ಳುವ ದರ, ಬಳಕೆಯಲ್ಲಿದೆ. ಅದನ್ನು ನಿಮ್ಮ ಆಡಿಟರ್ ಬಳಿಯೇ ಕೇಳಿ. ಬರೀ ಹೋಲಿಕೆ ನೋಡಲು ರೆಫರೆನ್ಸ್ ರೇಟ್, ಅಂದರೆ ಆ ದಿನದ ಮಾರುಕಟ್ಟೆ ನೋಡಿ ಪ್ರಕಟಿಸುವ ಒಂದು ದರ, ಸಾಕು. ಇದನ್ನು ಮೊದಲು ರಿಸರ್ವ್ ಬ್ಯಾಂಕೇ ಲೆಕ್ಕ ಹಾಕಿ ಪ್ರಕಟಿಸುತ್ತಿತ್ತು; 2018ರ ಜುಲೈಯಿಂದ ಆ ಕೆಲಸ ಎಫ್‌ಬಿಐಎಲ್ ಎಂಬ ಸಂಸ್ಥೆಯದು. ವೆಬ್‌ಸೈಟಿನಲ್ಲಿ ತಾರೀಕು ಕೊಟ್ಟರೆ ದರ ಬರುತ್ತದೆ. ಶನಿವಾರ, ಭಾನುವಾರದ ತಾರೀಕು ಕೊಟ್ಟರೆ ಏನೂ ಬರುವುದಿಲ್ಲ. ಹಿಂದಿನ ಕೆಲಸದ ದಿನದ್ದನ್ನು ತೆಗೆದುಕೊಳ್ಳಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಇಲ್ಲಿ ರಜೆ ಇದ್ದರೇನು, ಮುಂಬೈ ಮಾರುಕಟ್ಟೆಗೆ ಹುತ್ತರಿ ಗೊತ್ತಿಲ್ಲ.

ಇನ್ನು ಸರಾಸರಿಯ ವಿಷಯ. ಇಲ್ಲಿ ಎಡವುವವರೇ ಹೆಚ್ಚು. 1991-92ರ ವಾರ್ಷಿಕ ಸರಾಸರಿ ಡಾಲರಿಗೆ ಸುಮಾರು 24.50 ರೂಪಾಯಿ. ಆದರೆ 1991ರ ಜೂನ್‌ನಲ್ಲಿ ಡಾಲರ್ ಇದ್ದದ್ದು 21ರ ಆಸುಪಾಸಿನಲ್ಲಿ. ಜುಲೈ 1 ಮತ್ತು 3ರಂದು ಎರಡು ಏಟಿಗೆ ಅಪಮೌಲ್ಯವಾಗಿ 26ರ ಹತ್ತಿರ ಹೋಯಿತು. ಜೂನ್‌ನ ರಸೀದಿಗೆ ವರ್ಷದ ಸರಾಸರಿ ಹಾಕಿದರೆ ಡಾಲರಿಗೆ ಮೂರೂವರೆ ರೂಪಾಯಿ ತಪ್ಪು. 1992ರ ಮಾರ್ಚ್‌ನಿಂದ ಸುಮಾರು ಒಂದು ವರ್ಷ ಸರಕಾರಿ ದರ, ಮಾರುಕಟ್ಟೆ ದರ ಎಂದು ಎರಡಿದ್ದವು. ಆ ವರ್ಷದ ಕಾಗದವಾದರೆ ಯಾವುದು ಬರೆದಿದೆ ನೋಡಿ.

ಹಾಗೆಂದು ದಿನದ ದರವೇ ಎಲ್ಲಕ್ಕೂ ಸರಿ ಎಂದಲ್ಲ. ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರ ಕಾಫಿಯನ್ನು ಬೋರ್ಡಿಗೆ ಹಾಕುತ್ತಿದ್ದ, ಹಣ ಕಂತುಗಳಲ್ಲಿ ಬರುತ್ತಿತ್ತು. ಅಂಥ ಕಂತಿನ ಚೀಟಿಯನ್ನು ಒಂದು ದಿನದ ಡಾಲರಿಗೆ ಹೊಂದಿಸುವುದರಲ್ಲಿ ಅರ್ಥವಿಲ್ಲ. ಅದಕ್ಕೆ ವರ್ಷದ ಸರಾಸರಿಯೇ ಸರಿ.

ಈಗ ಲೆಕ್ಕ ಮಾಡೋಣ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಕಾಫಿಯ ದರ ಟನ್ನಿಗೆ ಇಷ್ಟು ಡಾಲರ್ ಎಂದಿರುತ್ತದೆ. 2000 ಡಾಲರ್ ಎಂದಿಟ್ಟುಕೊಳ್ಳಿ. 2007-08ರಲ್ಲಿ ಡಾಲರಿನ ಸರಾಸರಿ ಸುಮಾರು 40 ರೂಪಾಯಿ; ಕಿಲೋಗೆ 80 ರೂಪಾಯಿ ಆಯಿತು. 2022-23ರಲ್ಲಿ ಸರಾಸರಿ ಸುಮಾರು 80. ಅದೇ 2000 ಡಾಲರ್ ಕಿಲೋಗೆ 160 ಆಯಿತು. ಲಂಡನ್ ಒಂದು ಸೆಂಟೂ ಹೆಚ್ಚು ಕೊಡದೆ ನಮ್ಮ ಕಡೆ ದರ ಇಮ್ಮಡಿ. ಇದು ಸಿಪ್ಪೆ ತೆಗೆದ ಬೀಜದ, ಅಂದರೆ ಕ್ಲೀನ್ ಕಾಫಿಯ ಲೆಕ್ಕ, ಸಿಪ್ಪೆ ಸಮೇತ ಒಣಗಿಸಿದ ಚೆರಿಯ ಮೂಟೆಯದ್ದಲ್ಲ. 50 ಕಿಲೋ ಚೆರಿಯಲ್ಲಿ ಕ್ಲೀನ್ ಎಷ್ಟು ಬಂತೆಂದು ಔಟ್‌ಟರ್ನ್ ನೋಡಿಯೇ ಗುಣಿಸಬೇಕು. ನ್ಯೂಯಾರ್ಕಿನ ಅರೇಬಿಕಾ ದರವಾದರೆ ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದಿರುತ್ತದೆ. ಅದನ್ನು 100ರಿಂದ, ಮತ್ತೆ 0.4536ರಿಂದ ಭಾಗಿಸಿದರೆ ಕಿಲೋಗೆ ಡಾಲರ್ ಸಿಗುತ್ತದೆ.

ಗಲ್ಫಿನಲ್ಲಿ ದುಡಿದು ಮನೆಗೆ ಹಣ ಕಳಿಸಿದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಹಳೆಯ ದಿರ್ಹಮ್ ದರ ಸಿಗಲಿಲ್ಲವೆಂದು ಅವರು ಪರದಾಡಬೇಕಿಲ್ಲ. ಯುಎಇ ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದು, ಸೌದಿ ರಿಯಾಲ್ 3.75. ಆ ದಿನದ ಡಾಲರ್ ದರವನ್ನು ಇದರಿಂದ ಭಾಗಿಸಿ. ಡಾಲರ್ 45 ಇದ್ದ ದಿನ ದಿರ್ಹಮ್ 12 ರೂಪಾಯಿ 25 ಪೈಸೆ. ಕುವೈತ್ ದಿನಾರಿಗೆ ಮಾತ್ರ ಇದು ನಡೆಯದು, ಅದನ್ನು ಹಲವು ಹಣಗಳ ಬುಟ್ಟಿಗೆ ಕಟ್ಟಿದ್ದಾರೆ. ಮನೆಗೆ ನಿಜವಾಗಿ ಬಂದ ಮೊತ್ತ ಇದಕ್ಕಿಂತ ಒಂದಿಷ್ಟು ಕಡಿಮೆಯೇ ಇರುತ್ತದೆ, ಹಣ ಸಾಗಿಸಿದ ಸಂಸ್ಥೆಯ ಕಮಿಷನ್ ಮೊದಲೇ ಕಳೆದುಹೋಗಿರುತ್ತದಲ್ಲ.