ಸ್ಲೋ ಮೋಷನ್‌ನಲ್ಲೂ ತುಟಿ ಹಾಡಿಗೆ ಕೂಡಬೇಕಾ?

ಬ್ಯಾಂಡ್ ವಿಡಿಯೋದಲ್ಲಿ ಕೂದಲು, ಬೆವರು ಎಲ್ಲ ನಿಧಾನಕ್ಕೆ ತೇಲಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು ಅಂದ್ರೆ, ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಗಾಯಕರು ಅದಕ್ಕೆ ತುಟಿ ಆಡಿಸುವಾಗ ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಶೂಟ್ ಮಾಡಿ. ಎಡಿಟ್‌ನಲ್ಲಿ 25 ಫ್ರೇಮ್‌ಗೆ ಇಳಿಸಿದರೆ ತುಟಿ ಮೂಲ ಹಾಡಿನ ವೇಗಕ್ಕೆ ಬಂದು ಕೂರುತ್ತದೆ, ಉಳಿದ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ವೇಗ ಹೆಚ್ಚಿಸುವಾಗ ಪಿಚ್ (ಸ್ವರದ ಎತ್ತರ) ಹಾಗೇ ಉಳಿಸಿಕೊಳ್ಳಿ, ಇಲ್ಲದಿದ್ದರೆ ಹಾಡು ಇಲಿ ಕಿರುಚಿದ ಹಾಗೆ ಕೇಳಿ ಗಾಯಕರೇ ನಗಲು ಶುರು ಮಾಡುತ್ತಾರೆ. ಶಟರ್ (ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ಪಡೆಯುವ ಸಮಯ) 1/100 ಸೆಕೆಂಡ್ ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಮಾಮೂಲಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರತಿ ಫ್ರೇಮಿಗೂ ಪೂರ್ತಿ ಒಂದು ಮಿನುಗು ಸಿಗುವುದರಿಂದ ಪಟ್ಟೆ ಬೀಳಲ್ಲ. ಆದರೆ 1/50ಕ್ಕೆ ಹೋಲಿಸಿದರೆ ಬೆಳಕು ಅರ್ಧ ಆಗುತ್ತೆ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಒಂದು ಸ್ಟಾಪ್, ಅಂದ್ರೆ ಎರಡು ಪಟ್ಟು ಬೆಳಕು ಬರುವಷ್ಟು, ಜಾಸ್ತಿ ತೆರೆಯಿರಿ. ಅಗ್ಗದ ಎಲ್‌ಇಡಿ ಪಾರ್ ಲೈಟ್ (ವೇದಿಕೆಗೆ ಬಳಸುವ ದೀಪ) ಇದ್ದರೆ ಈ ಲೆಕ್ಕ ಕೈಕೊಡಬಹುದು. ಮಂದ ಮಾಡಿದಾಗ ಅವು ತಮ್ಮದೇ ಬೇರೆ ಲಯದಲ್ಲಿ ಮಿನುಗುತ್ತವೆ. ಪೂರ್ತಿ ಉರಿಸಿ, ಬೆಳಕು ಜಾಸ್ತಿ ಅನ್ನಿಸಿದರೆ ಸ್ಟ್ಯಾಂಡನ್ನೇ ಹಿಂದಕ್ಕೆ ಸರಿಸಿ. ವೇಗದ ಹಾಡಿಗಂತೂ ಈ ಉಪಾಯ ಆಗಲ್ಲ: 140 ಬಿಪಿಎಂ (ನಿಮಿಷಕ್ಕೆ ಬೀಟ್‌ಗಳ ಸಂಖ್ಯೆ) ಇದ್ದದ್ದು 280 ಆದರೆ ಯಾವ ಡ್ರಮ್ಮರ್ ತಾನೇ ಬಾರಿಸ್ತಾನೆ? ಅಂಥದ್ದಕ್ಕೆ 30 ಫ್ರೇಮ್, ಹಾಡು 1.2 ಪಟ್ಟು ವೇಗ. ತೇಲುವ ಭಾವ ಸ್ವಲ್ಪವೇ ಬರುತ್ತೆ, ಆದರೂ ಚೆನ್ನಾಗಿರುತ್ತೆ.