ತಪ್ಪು ಲೆಕ್ಕದ ಪುಸ್ತಕಗಳನ್ನು ಮೇಜಿನ ಮೇಲಿಟ್ಟಾಗ

1/2 + 1/4 = 2/6. ನನ್ನ ಆರನೇ ತರಗತಿಯ 28 ಮಕ್ಕಳಲ್ಲಿ 17 ಮಂದಿ ಹೀಗೇ ಬರೆದಿದ್ದರು. ಆ ಪುಸ್ತಕಗಳನ್ನು ಬೇರೆ ಶಾಲೆಯವರ ಮುಂದೆ ಇಡುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. 14 ವರ್ಷದಿಂದ ಗಣಿತ ಹೇಳಿಕೊಡುವವಳು ನಾನು.

ನಮ್ಮ ಶಾಲೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ನಮ್ಮದೂ ಸೇರಿ ಸುತ್ತಲಿನ ಮೂರು ಶಾಲೆಗಳ ಮೂವರು ಗಣಿತ ಟೀಚರ್‌ಗಳು ಶನಿವಾರ ಶಾಲೆ ಬಿಟ್ಟ ಮೇಲೆ ಒಟ್ಟಿಗೆ ಕೂರಲು ಶುರು ಮಾಡಿದೆವು. ಸಭೆಗಳು ಮೊದಲೂ ಇದ್ದವು. ಸುತ್ತೋಲೆ ಓದಿ, ಮಾಹಿತಿ ತುಂಬಿಸಿ ಕೊಡುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಮಕ್ಕಳು ಏನು ಬರೆದಿದ್ದಾರೆ ಅಂತ ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ನಾವು ಒಂದೇ ನಿಯಮ ಇಟ್ಟುಕೊಂಡೆವು: ತಪ್ಪು ಜಾಸ್ತಿ ಇರುವ ಪುಸ್ತಕಗಳನ್ನೇ ತರಬೇಕು.

“ನನ್ನದೂ ಇದೇ ಕಥೆ ಮಾರಾಯ್ರೆ” ಅಂದರು ಪಕ್ಕದ ಶಾಲೆಯ ಸರ್. ಮೂವರ ಮಕ್ಕಳೂ ಅದೇ ತಪ್ಪು ಮಾಡಿದ್ದರು. ಯಾಕೆ ಅಂತ ನೋಡಿದರೆ, ಮೂವರೂ ಎರಡನೇ ದಿನಕ್ಕೇ ಲ.ಸಾ.ಅ.ಗೆ (ಲಘುತಮ ಸಾಮಾನ್ಯ ಅಪವರ್ತ್ಯ, ಕೆಳಗಿನ ಸಂಖ್ಯೆಗಳನ್ನು ಒಂದೇ ಮಾಡುವ ದಾರಿ) ಹಾರಿದ್ದೆವು. 1/4 ಅನ್ನುವುದು ಒಂದೇ ಸಂಖ್ಯೆ ಅಂತ ಮಕ್ಕಳ ತಲೆಗೆ ಇನ್ನೂ ಹೋಗಿರಲಿಲ್ಲ.

ಪಾಠವನ್ನು ಒಟ್ಟಿಗೆ ಹೊಸದಾಗಿ ಕಟ್ಟಿದೆವು. ನಮ್ಮ ಮಕ್ಕಳ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಕಟ್ಟಿದ ಹೂವಿನ ಒಂದು ಕಟ್ಟಿಗೆ ಚೆಂಡು ಅನ್ನುತ್ತಾರೆ; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅರ್ಧ ಅಟ್ಟೆಗೆ ಕಾಲು ಅಟ್ಟೆ ಸೇರಿಸಿದರೆ ಎಷ್ಟು? “ಮೂರು ಚೆಂಡು!” ಕೂಡಲೇ ಉತ್ತರ ಬಂತು. ಆಮೇಲೆ ಬೋರ್ಡಿನಲ್ಲಿ 2/6 ಬರೆದು, ಇದು ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತ ಕೇಳಿದೆ. ಒಬ್ಬಳು ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: “ಹೂ ಸೇರಿಸಿದ ಮೇಲೆ ಕಡಿಮೆ ಆಗ್ತದಾ ಟೀಚರ್?”

ನಾನು ಪಾಠ ಮಾಡುವಾಗ ಉಳಿದಿಬ್ಬರು ಹಿಂದೆ ಕೂತು ನೋಡಿದರು. ನನ್ನನ್ನಲ್ಲ, ಮಕ್ಕಳನ್ನು. ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಈ ಪದ್ಧತಿ ಇದೆ. ನನಗೆ ಇದೇ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತು. ಸರಿ ಉತ್ತರ ಬರೆದಿದ್ದ ಒಬ್ಬ ಹುಡುಗನ ಚಿತ್ರವನ್ನು ಸರ್ ಗಮನಿಸಿದ್ದರು. ಅವನು ಬಿಡಿಸಿದ ನಾಲ್ಕು ಚೆಂಡುಗಳಲ್ಲಿ ಒಂದು ದೊಡ್ಡದು, ಮೂರು ಸಣ್ಣವು. ಭಾಗಗಳು ಸಮ ಇರಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಬೋರ್ಡಿನ ಹತ್ತಿರ ನಿಂತ ನನಗೆ ಅದು ಕಾಣುವುದು ಹೇಗೆ?

ಮುಂದಿನ ವಾರ ಸರ್ ಅದೇ ಪಾಠವನ್ನು ತಿದ್ದಿ ಅವರ ಶಾಲೆಯಲ್ಲಿ ಮಾಡಿದರು. 1/2 + 1/3 ಬಂದಾಗ ಮಲ್ಲಿಗೆ ಕೈಕೊಟ್ಟಿತು. ನಾಲ್ಕು ಚೆಂಡನ್ನು ಮೂರು ಪಾಲು ಮಾಡುವುದು ಹೇಗೆ? ಮೂರನೇ ಶಾಲೆಯ ಮೇಡಂ ಕಾಗದ ಮಡಚಿಸಿದರು: ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು, ಒಟ್ಟು ಆರು ಮನೆ. ಅರ್ಧಕ್ಕೆ ಮೂರು ಮನೆ, ಮೂರನೇ ಒಂದಕ್ಕೆ ಎರಡು. 5/6 ಕಣ್ಣಿಗೇ ಕಂಡಿತು. ಲ.ಸಾ.ಅ. ಅನ್ನುವ ಮಾತು ಬಂದದ್ದು ಅದರ ನಂತರವೇ.

ತಿಂಗಳ ಬಳಿಕ ಅದೇ ತರಹದ ಲೆಕ್ಕಗಳನ್ನು ಕೊಟ್ಟೆ. ಹಳೇ ತಪ್ಪು ಮಾಡಿದವರು 4 ಮಂದಿ. ಆ ನಾಲ್ವರಲ್ಲಿ ಮೂವರು ಪಾಠ ಮಾಡಿದ ವಾರ ಶಾಲೆಗೇ ಬಂದಿರಲಿಲ್ಲ. ಅವರಿಗೆ ಬೆಳಿಗ್ಗೆ ಬೇಗ ಬರಲು ಹೇಳಿ, ಕಾಗದ ಮಡಚಿಸಿಯೇ ಹೇಳಿಕೊಡುತ್ತಿದ್ದೇನೆ.

ಈ ಶನಿವಾರ ದಶಮಾಂಶ. 0.4 ದೊಡ್ಡದೋ 0.35 ದೊಡ್ಡದೋ ಅಂತ ಕೇಳಿದ್ದೆ. 35 ದೊಡ್ಡದಲ್ವಾ ಅಂತ ಬರೆದವರ ಪುಸ್ತಕಗಳೆಲ್ಲ ನನ್ನ ಚೀಲದಲ್ಲಿವೆ.