ಮಗು ಆಡಿದ ಮಾತನ್ನು ಆಡಿದ ಹಾಗೇ ಬರೆದಿಡುವುದು ಹೇಗೆ

ತಿಪಟೂರಿನ ಹತ್ತಿರ ನಮ್ಮ ಅತ್ತೆಯ ಮನೆ. ಅಲ್ಲಿ ಅಟ್ಟದ ತುಂಬ ತೆಂಗಿನಕಾಯಿ ಇರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಕೊಬ್ಬರಿಯಾಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಮಗಳಿಗೆ ಆಗ 3 ವರ್ಷ 2 ತಿಂಗಳು. ಅತ್ತೆ ಒಂದು ಕಾಯಿ ತೆಗೆದು ಅವಳ ಕಿವಿ ಹತ್ತಿರ ಅಲ್ಲಾಡಿಸಿದರು. ಅವಳು ಕಣ್ಣರಳಿಸಿ ಹೇಳಿದಳು: "ಅಜ್ಜಿ, ಒಳಗೆ ಯಾಲೋ ಬಾಗ್ಲು ತಟ್ತಿದಾಲೆ. ತೆಗಿ ಅಜ್ಜಿ, ಪಾಪ."

ನಾನು ಪುಸ್ತಕ ಶುರು ಮಾಡಿದ್ದು ಅವತ್ತು. ಅದಕ್ಕೆ ಮುಂಚಿನ ಒಂದೂವರೆ ವರ್ಷದ ಮಾತು ಒಂದೂ ಉಳಿದಿಲ್ಲ. ಅತ್ತೆ, ನಾನು, ಯಜಮಾನರು ಊಟದ ತಟ್ಟೆ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಚೆನ್ನಾಗಿ ನೆನಪಿದೆ. ಯಾವ ಮಾತಿಗೆ ಅಂತ ಕೇಳಿದರೆ ಮೂವರಿಗೂ ನೆನಪಿಲ್ಲ. ಈಗ ಮಗಳಿಗೆ 9 ವರ್ಷ, ಮಗನಿಗೆ 4. ಮೂರನೇ ಪುಸ್ತಕ ನಡೀತಿದೆ. ಇಷ್ಟು ದಿನ ಬರೆದು ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಎರಡರಿಂದ ಆರು ವರ್ಷದೊಳಗಿನ ಮಗು ಇದ್ದರೆ ಇವತ್ತೇ ಶುರು ಮಾಡಿ. ಮುಂದಿನ ತಿಂಗಳಿಗೆ ಇಡಬೇಡಿ.

ಮೊದಲು ಕ್ಯಾಲೆಂಡರ್, ಆಮೇಲೆ ಪುಸ್ತಕ

ಮಾತು ಬರುವುದು ಯಾವಾಗ? ನೀವು ದೋಸೆ ಹುಯ್ಯುತ್ತಿರುವಾಗ, ಸ್ನಾನ ಮಾಡಿಸುವಾಗ, ಆಟೋ ಹತ್ತುವಾಗ. ಪುಸ್ತಕ ಆಗ ಕೈಯಲ್ಲಿರುವುದಿಲ್ಲ. ನಮ್ಮ ಅಡುಗೆ ಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಅದರಲ್ಲೇ ಬರೆಯುತ್ತೇವೆ. ಒಂದು ಪೆನ್ಸಿಲ್ಲಿಗೆ ದಾರ ಕಟ್ಟಿ ಅಲ್ಲೇ ನೇತು ಹಾಕಿದ್ದೇನೆ. ಮಗು ಏನಾದರೂ ಅಂದ ತಕ್ಷಣ ಅವತ್ತಿನ ಚೌಕದಲ್ಲಿ ಎರಡು ಪದ ಗೀಚುತ್ತೇನೆ. "ಕಾಯಿ–ಬಾಗ್ಲು", ಅಷ್ಟೇ. ಅತ್ತೆಗೂ ಇದು ಅಭ್ಯಾಸವಾಗಿದೆ. ನಾನು ಕೆಲಸಕ್ಕೆ ಹೋದಾಗ ಅವರೇ ಗೀಚಿರುತ್ತಾರೆ.

ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಎರಡು ಪದ ನೋಡಿಕೊಂಡು ಪುಸ್ತಕಕ್ಕೆ ಪೂರ್ತಿ ಇಳಿಸಬೇಕು. ಭಾನುವಾರ ಒಟ್ಟಿಗೆ ಬರೆಯೋಣ ಅಂತ ನಾನೂ ಬಿಟ್ಟು ನೋಡಿದೆ. ಮೂರು ದಿನ ಕಳೆದರೆ ಮಾತಿನ ಸಾರ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ನಮಗೆ ಬೇಕಾದ್ದು ಮಾತು.

ಪುಸ್ತಕ ದುಬಾರಿಯದು ಬೇಡ. ಅಂಗಡಿಯಲ್ಲಿ ಸಿಗುವ 200 ಪುಟದ ರೂಲ್ಡ್ ನೋಟ್ ಬುಕ್ ಸಾಕು. ಫೋನಿನಲ್ಲಿ ಬರೆಯಬಹುದು, ಆದರೆ ಒಂದು ತೊಂದರೆ ಇದೆ. ಮಗು "ಪಚಾತಿ" ಅಂದಿದ್ದನ್ನು ಕೀಬೋರ್ಡ್ "ಚಪಾತಿ" ಮಾಡಿಬಿಡುತ್ತದೆ. ವೀಡಿಯೊ ಮಾಡೋಣ ಅಂತ ಫೋನ್ ಎತ್ತಿದರೆ ಮಗುವಿನ ಮಾತು ನಿಂತು ನಾಟಕ ಶುರುವಾಗುತ್ತದೆ.

ಏನೇನು ಬರೆಯಬೇಕು

ವಯಸ್ಸನ್ನು ವರ್ಷ, ತಿಂಗಳು ಎರಡೂ ಸೇರಿಸಿ ಬರೆಯಿರಿ. ಮಕ್ಕಳ ಭಾಷೆಯನ್ನು ಅಧ್ಯಯನ ಮಾಡುವವರು ಇದನ್ನು 3;2 ಎಂದು ಗುರುತು ಹಾಕುತ್ತಾರೆ. ನಾನೂ ಅದನ್ನೇ ಬಳಸುತ್ತೇನೆ, ಬೇಗ ಆಗುತ್ತದೆ. ಈ ವಯಸ್ಸಿನಲ್ಲಿ ಎರಡು ತಿಂಗಳಿಗೆ ಮಾತು ಪೂರ್ತಿ ಬೇರೆಯಾಗಿರುತ್ತದೆ. ಬರೀ "ಮೂರು ವರ್ಷ" ಅಂದರೆ ಅದು ಗೊತ್ತಾಗುವುದಿಲ್ಲ.

ಆಮೇಲೆ ಮಗು ಆಡುವುದಕ್ಕೆ ಮುಂಚೆ ದೊಡ್ಡವರು ಏನು ಹೇಳಿದ್ದರು ಅನ್ನುವುದು. ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಸಾಯಂಕಾಲ ಯಜಮಾನರು ಗಾಡಿ ತಳ್ಳಿಕೊಂಡು ಮನೆಗೆ ಬಂದರು. ಆ ದಿನ ನಾನು ಮೊದಲು ಬರೆದದ್ದು ಹೀಗಿತ್ತು: "ಗಾಡಿಯ ಕೈ ಬಗ್ಗೆ ಏನೋ ಕೇಳಿದ, ತುಂಬ ನಗು ಬಂತು." ಓದಿ ನೋಡಿದೆ. ಹತ್ತು ವರ್ಷ ಬಿಟ್ಟು ಇದನ್ನು ಓದಿದರೆ ಯಾರಿಗೂ ನಗು ಬರುವುದಿಲ್ಲ. ಹೊಡೆದು ಹಾಕಿ ಮತ್ತೆ ಬರೆದೆ.

"3;8. ಗೇಟಿನ ಹತ್ತಿರ. ಅಪ್ಪ ಬೆವರು ಒರೆಸಿಕೊಂಡು 'ದಾರೀಲಿ ಗಾಡಿ ಕೈ ಕೊಡ್ತು' ಅಂದರು. ಪುಟ್ಟ ಹ್ಯಾಂಡಲ್‌ನ ಎರಡೂ ಕಡೆ ಮುಟ್ಟಿ ನೋಡಿ: 'ಎಲಡು ಕೈಯೂ ಇಲ್ಲೇ ಇದೆ. ಯಾವ ಕೈ ಕೊತ್ತು? ಯಾಲಿಗೆ ಕೊತ್ತು?'"

ಈಗ ಓದಿದರೆ ಅವನ ದನಿಯೇ ಕೇಳಿಸುತ್ತದೆ ಅಲ್ವಾ? ಕೈ ಮುಟ್ಟಿ ನೋಡಿದ್ದನ್ನೂ ಬರೆದೆ. ಮಕ್ಕಳ ಅರ್ಧ ಮಾತು ಕೈಯಲ್ಲಿ, ಕಣ್ಣಲ್ಲಿ ಇರುತ್ತದೆ.

ನಾವು ದಿನಾ ಆಡುವ ಮಾತಿನಲ್ಲಿ ಇಂಥವು ಎಷ್ಟಿವೆ ಅಂತ ನನಗೆ ಗೊತ್ತಾಗಿದ್ದೇ ಮಕ್ಕಳಿಂದ. ಕರೆಂಟ್ ಹೋಯ್ತು ಅಂದರೆ "ಚಪ್ಲಿ ಹಾಕ್ಕೊಂಡು ಹೋಯ್ತಾ?" ಅಂತ ಮಗಳು ಕೇಳಿದ್ದಳು. ತಲೆ ತಿನ್ನಬೇಡ ಅಂದಾಗ ಬಾಯಿ ತೆಗೆದು ತೋರಿಸಿ "ಮೊಸರನ್ನ ತಿಂದಿದ್ದು" ಅಂದಿದ್ದಳು. ಅಜ್ಜಿಗೆ ಬಿಪಿ ಜಾಸ್ತಿ ಆಗಿದೆ ಅಂದಾಗ ಮಗ ಹೋಗಿ ಅಜ್ಜಿಯ ಮುಂದೆ ಎರಡೂ ಕೈ ಒಡ್ಡಿ ನಿಂತ. "ಜಾಸ್ತಿ ಇದ್ರೆ ನಂಗೆ ಸ್ವಲ್ಪ ಕೊಡಿ." ಅತ್ತೆ ಅವನನ್ನು ಎತ್ತಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ತಿದ್ದಬೇಡಿ

ಮಗು ಹೇಗೆ ಹೇಳಿತೋ ಹಾಗೇ ಬರೆಯಿರಿ. "ಯಾಲೋ", "ಎಲಡು", "ಪುತ್ತಕ", "ತಕ್ಕಲೆ". ಬಾಯಲ್ಲಿ ಬಂದ ಸದ್ದಿಗೆ ಹತ್ತಿರವಾಗಿ ಬರೆಯಲು ನಮ್ಮ ಲಿಪಿಯಲ್ಲಿ ಅನುಕೂಲ ಇದೆ, ಅದನ್ನು ಬಿಡಬೇಡಿ. ರಕಾರ ಒಂದು ದಿನ ಬಂದೇ ಬರುತ್ತದೆ. ನನ್ನ ಎರಡನೇ ಪುಸ್ತಕದಲ್ಲಿ ಮಗಳ ಮಾತಿನಲ್ಲಿ "ಲ" ಹೋಗಿ "ರ" ಬಂದ ಪುಟ ಇದೆ. ಆ ವಾರ "ಹಾಲು" ಕೂಡ "ಹಾರು" ಆಗಿತ್ತು. ಹೊಸದಾಗಿ ಬಂದ ಅಕ್ಷರವನ್ನು ಎಲ್ಲ ಕಡೆ ಹಾಕುತ್ತಿದ್ದಳು.

ವ್ಯಾಕರಣದ ತಪ್ಪುಗಳನ್ನಂತೂ ಮುಟ್ಟಲೇಬೇಡಿ. ಮಗಳು ಒಂದು ದಿನ "ನಾನು ಆಗ್ಲೇ ಅಜ್ಜಿಗೆ ಕೊಡಿದೆ" ಅಂದಳು. ಇನ್ನೊಂದು ದಿನ "ಮೆಟ್ಲಿಂದ ಬೀಳಿದೆ". ನಮ್ಮ ಮನೆಯಲ್ಲಿ ಯಾರೂ "ಕೊಡಿದೆ" ಅನ್ನುವುದಿಲ್ಲ. ಹಾಗಾದರೆ ಎಲ್ಲಿಂದ ಕಲಿತಳು? ಕೂತು ಯೋಚಿಸಿದೆ. ಆಡು, ಆಡಿದೆ. ಓಡು, ಓಡಿದೆ. ನೋಡು, ನೋಡಿದೆ. ಹಾಗಾಗಿ ಕೊಡು, ಕೊಡಿದೆ! ಹೇಳು, ಹೇಳಿದೆ. ಕೇಳು, ಕೇಳಿದೆ. ಹಾಗಾಗಿ ಬೀಳು, ಬೀಳಿದೆ! ಯಾರೂ ಹೇಳಿಕೊಡದ ನಿಯಮವನ್ನು ಮೂರು ವರ್ಷದ ಮಗು ತಾನೇ ಹುಡುಕಿಕೊಂಡಿತ್ತು. ಕೊಟ್ಟೆ, ಬಿದ್ದೆ ಅನ್ನುವುದನ್ನು ನಾವು ಬಾಯಿಪಾಠದಿಂದ ಹೇಳುತ್ತೇವೆ, ಅವಳು ಲೆಕ್ಕ ಹಾಕಿ ಹೇಳಿದ್ದಳು.

ಇದು ಎಲ್ಲ ಕಡೆ ಇರುವುದೇ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಅವರು ಮಕ್ಕಳಿಗೆ ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು "ವಗ್" ಅಂದರು. ಅಂಥ ಪ್ರಾಣಿಯೂ ಇಲ್ಲ, ಅಂಥ ಪದವೂ ಇಲ್ಲ. ಎರಡು ಚಿತ್ರ ತೋರಿಸಿದಾಗ ಮಕ್ಕಳು "ವಗ್ಸ್" ಅಂದರು. ಕೇಳಿರದ ಪದಕ್ಕೂ ಬಹುವಚನ ಮಾಡಿದ್ದರು. ನಮ್ಮ ಮನೆಗಳಲ್ಲಿ ಇದನ್ನು ನೋಡಬೇಕಾದರೆ ಮಗುವಿಗೆ ಎಣಿಸಲು ಹೇಳಿ. ಹತ್ತು ಆದ ಮೇಲೆ ಹತ್ತೊಂದು, ಹತ್ತೆರಡು ಬರುತ್ತದೆ. ಇಪ್ಪತ್ತೊಂಬತ್ತು ಆದ ಮೇಲೆ ಮಗ ಒಂದು ಕ್ಷಣ ನಿಂತು, ಧೈರ್ಯವಾಗಿ "ಇಪ್ಪತ್ತಹತ್ತು" ಅಂದ.

ಬರೆಯುವಾಗ ತಿದ್ದಬೇಡಿ ಅಂದೆ. ಮಾತಾಡುವಾಗ? "ತಪ್ಪು, ಸರಿಯಾಗಿ ಹೇಳು" ಅನ್ನಬೇಡಿ. ಸರಿ ರೂಪವನ್ನು ನಿಮ್ಮ ಉತ್ತರದಲ್ಲಿ ಸುಮ್ನೆ ಸೇರಿಸಿ: "ಹೌದಾ ಕಂದ, ಬಿದ್ಯಾ? ಎಲ್ಲಿ ಬಿದ್ದೆ?" ಅಷ್ಟೇ ಸಾಕು. ಉಳಿದದ್ದು ತಾನಾಗಿ ಬರುತ್ತದೆ.

ಮಗುವಿನ ಎದುರಿಗೆ ನಗುವುದು

ಇದನ್ನು ನಾನು ನೋವಿನಿಂದ ಕಲಿತೆ. ಒಂದು ನಾಮಕರಣಕ್ಕೆ ಹೋಗಿದ್ದೆವು. ಮಗ "ಪಚಾತಿ ಬೇಕು" ಅಂದ. ನೆಂಟರೆಲ್ಲ ಸುತ್ತ ಸೇರಿ "ಇನ್ನೊಂದು ಸಲ ಹೇಳೋ, ಇನ್ನೊಂದು ಸಲ" ಅಂತ ಹೇಳಿಸಿ ಹೇಳಿಸಿ ನಕ್ಕರು. ಐದನೇ ಸಲಕ್ಕೆ ಅವನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಹಲವು ದಿನ ಚಪಾತಿ ಬೇಕಾದರೆ ಬೆರಳು ತೋರಿಸುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ನಗು ಬಂದರೆ ತಡೆಯುವುದು ಕಷ್ಟ, ನಿಜ. ಆದರೆ ಮಗುವಿಗೆ ತನ್ನ ಪ್ರಶ್ನೆ ನಿಜವಾದ ಪ್ರಶ್ನೆ. ಮೊದಲು ಉತ್ತರ ಕೊಡಿ. ಗಾಡಿ ಕೆಟ್ಟು ಹೋದರೆ "ಕೈ ಕೊಡ್ತು" ಅಂತಾರೆ ಕಂದ, ಅಂತ ಹೇಳಿ. ನಗುವುದಿದ್ದರೆ ಅವನ ಜೊತೆಗೆ ನಗಿ. ಮತ್ತೆ ಹೇಳಿಸಬೇಡಿ.

ಮಕ್ಕಳ ಮಾತನ್ನು ಸ್ಟೇಟಸ್‌ಗೆ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಬಚ್ಚಲು ಮನೆಯ ಮಾತು, ಅತ್ತು ಆಡಿದ ಮಾತು ಮನೆಯೊಳಗೇ ಇರಲಿ. ಮಗಳಿಗೆ ಏಳು ವರ್ಷ ಆದ ಮೇಲೆ ಯಾವುದನ್ನು ಯಾರಿಗೆ ಓದಿ ಹೇಳಬಹುದು ಅಂತ ಅವಳನ್ನೇ ಕೇಳುತ್ತೇನೆ. ಎರಡು ಪುಟಕ್ಕೆ ಅವಳು ಬೇಡ ಅಂದಿದ್ದಾಳೆ. ಅವನ್ನು ಮಡಚಿ ಪಿನ್ ಹಾಕಿದ್ದೇನೆ. ಇಲ್ಲಿ ಬರೆದಿರುವ ಅವಳ ಮಾತುಗಳಿಗೆಲ್ಲ ಅವಳು ಒಪ್ಪಿದ್ದಾಳೆ.

ಎಲ್ಲರ ಮನೆಯಲ್ಲೂ ಬರುವ ಮಾತು

ನಿನ್ನೆ, ನಾಳೆ ಅದಲು ಬದಲಾಗುವುದು. "ನಾಳೆ ಜಾತ್ರೆಗೆ ಹೋಗಿದ್ವಲ್ಲ." ಅಮ್ಮನನ್ನು ನೋಡಿ ಅಪ್ಪನಿಗೆ "ರೀ, ಬನ್ರೀ ಇಲ್ಲಿ" ಅನ್ನುವುದು. ಅಪ್ಪ ಅಮ್ಮನ ಮದುವೆ ಫೋಟೊ ನೋಡಿ "ನನ್ನ ಯಾಕೆ ಕರೀಲಿಲ್ಲ" ಅಂತ ಅಳುವುದು. ಎಲ್ಲರೂ ಹೇಳುವುದೇ ಅಂತ ಬಿಡಬೇಡಿ. ನಿಮ್ಮ ಮಗು ಅದಕ್ಕೆ ಏನಾದರೂ ಸೇರಿಸಿರುತ್ತದೆ. ನನ್ನ ಮಗಳು ಅಳು ನಿಲ್ಲಿಸಿ ಕೇಳಿದ್ದಳು: "ಎಲೆ ಸಾಲ್ದೆ ಬಂತಾ?" ಊಟಕ್ಕೆ ಎಲೆ ಕಡಿಮೆ ಬಿದ್ದಿದ್ದರಿಂದ ಅವಳನ್ನು ಕರೆಯಲಿಲ್ಲ ಅಂತ ಅವಳ ಲೆಕ್ಕ.

ತೀರಾ ಚಿಕ್ಕ ಮಕ್ಕಳ ಒಂದೊಂದು ಪದವನ್ನೂ ಬರೆಯಿರಿ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಹೀಗೇ ದಿನಚರಿ ಇಟ್ಟಿದ್ದ. ಅದನ್ನು ಆಧರಿಸಿ ಲೇಖನ ಪ್ರಕಟಿಸಿದ್ದು 37 ವರ್ಷ ಕಳೆದ ಮೇಲೆ, 1877ರಲ್ಲಿ. ಆ ಮಗು ಒಂದು ವರ್ಷಕ್ಕೆ ಊಟಕ್ಕೆ "ಮಮ್" ಅಂತ ತಾನೇ ಹೆಸರಿಟ್ಟಿತ್ತು. ಸಕ್ಕರೆಗೆ "ಶು-ಮಮ್" ಅನ್ನುತ್ತಿತ್ತು. ಇದನ್ನು ಅತ್ತೆಗೆ ಹೇಳಿದಾಗ ಅವರು "ನಮ್ಮ ಮಮ್ಮು ಅಲ್ಲಿಗೂ ಹೋಗಿತ್ತಾ" ಅಂತ ಬಹಳ ಸಂತೋಷಪಟ್ಟರು.

ಇನ್ನೊಂದು ಮಾತು ಹೇಳಲೇಬೇಕು. ಎರಡು ವರ್ಷವಾದರೂ ಮಗು "ಅಮ್ಮ ಬಾ", "ಹಾಲು ಬೇಕು" ಥರ ಎರಡು ಪದ ಸೇರಿಸಿ ಆಡದಿದ್ದರೆ, ಅಥವಾ ಆಡುತ್ತಿದ್ದ ಮಾತು ನಿಂತುಹೋದರೆ, ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಮಕ್ಕಳನ್ನು ಪರೀಕ್ಷೆ ಮಾಡುವುದೇ ಅವರ ಕೆಲಸ. ಹೋಗುವಾಗ ಪುಸ್ತಕ ತಗೊಂಡು ಹೋಗಿ. ಯಾವ ತಿಂಗಳಲ್ಲಿ ಯಾವ ಪದ ಬಂತು ಅಂತ ಅವರು ಕೇಳಿದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಹುಟ್ಟುಹಬ್ಬದ ರಾತ್ರಿ ಒಂದೆರಡು ಪುಟ ಓದಿ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಹೋದ ತಿಂಗಳು ಮಗನ ಹುಟ್ಟುಹಬ್ಬಕ್ಕೆ ಓದೋಣ ಅಂತ ತೆಗೆದರೆ ಕೊನೆಯ ಪುಟದಲ್ಲಿ ಮಗಳ ಕೈಬರಹ ಇತ್ತು. ನಾನು ಹೇಳಿರಲಿಲ್ಲ. ವಯಸ್ಸು, ಜಾಗ, ಮುಂಚಿನ ಮಾತು, ಎಲ್ಲ ಹಾಕಿದ್ದಳು.

"ತಮ್ಮ. 3;11. ಅಡುಗೆ ಮನೆ. ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಚುಂಯ್ ಅಂತು. ಅವನು ನನ್ನ ಹಿಂದೆ ಬಚ್ಚಿಟ್ಟುಕೊಂಡು: 'ಅಕ್ಕ, ಸಾಲು ಅಮ್ಮಂಗೆ ಬೈತು.'"